ಸಿಹಿ ನಾಲಿಗೆಯ ಲೆಕ್ಕ, ಸಕ್ಕರೆ ರಕ್ತದ ಲೆಕ್ಕ

ನಮ್ಮ ಆಲೆಮನೆಯ ಜೋನಿಬೆಲ್ಲದ ಬಾಟ್ಲಿಗೆ ನಾನೇ ಬರೆದು ಅಂಟಿಸುತ್ತಿದ್ದ ಚೀಟಿಯಲ್ಲಿ ಎರಡು ಮಾತಿದ್ದವು. 'ರಾಸಾಯನಿಕ ಹಾಕಿಲ್ಲ. ಸಕ್ಕರೆ ಕಾಯಿಲೆಯವರೂ ತಿನ್ನಬಹುದು.' ಮೊದಲಿನದು ನಿಜ. ಎರಡನೆಯದು ಸುಳ್ಳು. ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಯಾರೋ ಹೇಳಿದ್ದರು, ನಾನೂ ನಂಬಿದ್ದೆ. ಹಾಗೆ ಬರೆದ ಮೇಲೆ ಮಾಲು ಬೇಗ ಖಾಲಿಯಾಗುತ್ತಿತ್ತು ಎಂಬುದೂ ನಿಜ.

ಶಿರಸಿ ಕಡೆಯ ನಮ್ಮೂರಲ್ಲಿ ನನ್ನದು ಹದಿನೈದು ಗುಂಟೆ ಕಬ್ಬು. ಅಡಿಕೆಯ ಮುಂದೆ ಅದು ಉಪಬೆಳೆ. ಆಲೆಮನೆ ಮುಗಿದ ಮೇಲೆ ಒಂದಷ್ಟು ಬಾಟ್ಲಿ ಪೇಟೆಗೆ ಹೋಗುತ್ತದೆ. ಕಾಯಂ ಗಿರಾಕಿಗಳಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಒಂದು ದಿನ ಅವರ ಫೋನು ಬಂತು.

'ಹೆಗಡೇರೇ, ನಿಮ್ಮ ಬೆಲ್ಲ ಬಹಳ ರುಚಿ. ಸಕ್ಕರೆ ಪೂರಾ ಬಿಟ್ಟು ದಿನಾ ಎರಡು ಹೊತ್ತು ಅದನ್ನೇ ತಿಂತಿದ್ದೆ. ಈಗ ಮೂರು ತಿಂಗಳ ಸರಾಸರಿ 7.2 ಇದ್ದದ್ದು 9.1 ಆಗಿದೆ. ಹಿಮ್ಮಡಿಯ ಗಾಯ ಒಣಗ್ತಾ ಇಲ್ಲ. ಏನು ತಿಂತೀರಿ ಅಂತ ಡಾಕ್ಟ್ರು ಕೇಳಿದ್ರು. ನಿಮ್ಮ ಬಾಟ್ಲಿ ತೋರಿಸಿದೆ. ಚೀಟಿ ಓದಿ ಸುಮ್ಮನಾಗಿಬಿಟ್ರು.'

ಅವರು ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು. ಬೈಯಲಿಲ್ಲ. 'ಮುಂದೆ ಬರೆಯುವಾಗ ನೋಡಿ ಬರೀರಿ' ಎಂದಷ್ಟೇ ಹೇಳಿ ಫೋನಿಟ್ಟರು.

ಅದೇ ಮಳೆಗಾಲದಲ್ಲಿ ನನ್ನ ರಕ್ತಪರೀಕ್ಷೆಯೂ ಆಯಿತು. ಖಾಲಿ ಹೊಟ್ಟೆಯಲ್ಲಿ 148, ಮೂರು ತಿಂಗಳ ಸರಾಸರಿ 7.9. ಅಂದರೆ ನಾನೂ ಅದೇ ಸಾಲಿನವ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಹಳ್ಳಿಯ ವಯಸ್ಕರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ. 'ತೋಟದಲ್ಲಿ ಮೈಮುರಿದು ದುಡಿಯುವವರಿಗೆ ಶುಗರು ಬರೋದಿಲ್ಲ' ಎಂಬ ಮಾತನ್ನು ಇನ್ನು ಹೇಳುವಂತಿಲ್ಲ.

ಸಕ್ಕರೆಯ ಬದಲಿಗೆ ಏನು? ಬೆಲ್ಲವೋ, ಜೇನೋ, ಮಾತ್ರೆಯೋ, ಸಿಹಿ ಎಲೆಯೋ? ಕಳೆದೆರಡು ವರ್ಷದಿಂದ ಇದೇ ನನ್ನ ಓದು. ಕಲಿತದ್ದನ್ನು ಇಲ್ಲಿ ಇಡುತ್ತಿದ್ದೇನೆ.

ಹಿತ್ತಲಿನ ಎರಡು ಎಲೆ

ನಮ್ಮ ಹಿತ್ತಲಲ್ಲಿ ಎರಡು ಗಿಡಗಳಿವೆ. ಬೇಲಿಗೆ ಹಬ್ಬಿದ್ದು ಮಧುನಾಶಿನಿ. ಕುಂಡದಲ್ಲಿರುವುದು ಸ್ಟೀವಿಯಾ. ಇವೆರಡರ ಎಲೆ ಜಗಿದರೆ ಅರ್ಧ ಪಾಠ ಮುಗಿದಂತೆ.

ಮಧುನಾಶಿನಿಯ ಎರಡು ಎಲೆ ಚೆನ್ನಾಗಿ ಜಗಿದು ಬಾಯಿ ಮುಕ್ಕಳಿಸಿ. ಆಮೇಲೆ ಒಂದು ಚಿಟಿಕೆ ಸಕ್ಕರೆ ನಾಲಿಗೆಗೆ ಹಾಕಿಕೊಳ್ಳಿ. ಮರಳು ತಿಂದಂತೆ. ಸಿಹಿ ಗುರುತಿಸುವ ನಾಲಿಗೆಯ ಶಕ್ತಿಯನ್ನು ಆ ಎಲೆಯ ಅಂಶ ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ನಾಲಿಗೆಗೆ ಸಿಹಿ ಇಲ್ಲ, ಆದರೆ ಬಾಯಿಗೆ ಹೋದದ್ದು ಸಕ್ಕರೆಯೇ.

ಬಾಯಿ ಸರಿಯಾದ ಮೇಲೆ ಸ್ಟೀವಿಯಾದ ಒಂದು ಎಲೆ ಜಗಿಯಿರಿ. ನಾಲಿಗೆಗೆ ಜೋರು ಸಿಹಿ, ಕೊನೆಗೆ ಸಣ್ಣ ಕಹಿ. ಆದರೆ ರಕ್ತಕ್ಕೆ ಹೋಗುವಂಥ ಸಕ್ಕರೆ ಅದರಲ್ಲಿ ಲೆಕ್ಕಕ್ಕಿಲ್ಲ.

ಸಿಹಿ ಎನ್ನುವುದು ನಾಲಿಗೆಯ ಲೆಕ್ಕ. ಸಕ್ಕರೆ ಎನ್ನುವುದು ರಕ್ತದ ಲೆಕ್ಕ. ಎರಡೂ ಬೇರೆ ಬೇರೆ ಪುಸ್ತಕ. ನಾವು ಮೋಸ ಹೋಗುವುದೆಲ್ಲ ಇವೆರಡನ್ನು ಒಂದೇ ಎಂದುಕೊಂಡಾಗ. ಅನ್ನದ ಅಗುಳು ಸಿಹಿಯಲ್ಲ, ಆದರೆ ಹೊಟ್ಟೆಯಲ್ಲಿ ಅದು ಗ್ಲೂಕೋಸೇ ಆಗುತ್ತದೆ. ಸ್ಯಾಕರಿನ್ ಬಾಯಿತುಂಬ ಸಿಹಿ, ಆದರೆ ರಕ್ತದಲ್ಲಿ ಗ್ಲೂಕೋಸ್ ಆಗುವುದಿಲ್ಲ.

(ಮಧುನಾಶಿನಿಯನ್ನು ಮದ್ದೆಂದು ತಿನ್ನುವ ವಿಚಾರವೇ ಬೇರೆ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಅದನ್ನು ಸೇರಿಸಿಕೊಳ್ಳಬೇಡಿ.)

ನಮ್ಮದೇ ಬೆಲ್ಲ, ನಮ್ಮದೇ ಜೇನು

ಬೆಳೆಗಾರರಾದ ನಮಗೆ ಕಷ್ಟವಾಗುವ ಭಾಗ ಇದು. ಒಪ್ಪಿಕೊಳ್ಳಲೇಬೇಕು.

ಬಿಳಿ ಸಕ್ಕರೆ ಎಂದರೆ ಹೆಚ್ಚುಕಮ್ಮಿ ಪೂರಾ ಸುಕ್ರೋಸ್. ಕರುಳಲ್ಲಿ ಅದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ಜೋನಿಬೆಲ್ಲದಲ್ಲಿ ನೂರಕ್ಕೆ 30ರಿಂದ 36ರಷ್ಟು ನೀರು, 40ರಿಂದ 60ರಷ್ಟು ಸುಕ್ರೋಸ್, 15ರಿಂದ 25ರಷ್ಟು ಆಗಲೇ ಒಡೆದ ಗ್ಲೂಕೋಸ್-ಫ್ರಕ್ಟೋಸ್. ಉಳಿದ ಒಂದಿಷ್ಟರಲ್ಲಿ ಕಬ್ಬಿಣ, ಸುಣ್ಣದಂಶ ಇತ್ಯಾದಿ. ಆ ಒಂದಿಷ್ಟರ ಹೆಸರಲ್ಲಿ ನಾವು ಉಳಿದದ್ದನ್ನೆಲ್ಲ ಮರೆಸಿ ಮಾರುತ್ತೇವೆ. ಕಬ್ಬಿಣದಂಶ ಬೇಕಾದರೆ ಹೆಸರುಕಾಳು, ಹರಿವೆ ಸೊಪ್ಪು ಇಲ್ಲವೇ? ಸಕ್ಕರೆ ಕಾಯಿಲೆಯವರು ಅದಕ್ಕಾಗಿ ಬೆಲ್ಲ ತಿನ್ನುವುದು ಎಂದರೆ, ಒಂದು ಬೊಗಸೆ ಗೊಬ್ಬರಕ್ಕಾಗಿ ಒಂದು ಲಾರಿ ಮಣ್ಣು ಹೊರಿಸಿದ ಹಾಗೆ.

ಜೇನಿನಲ್ಲಿ ನೂರಕ್ಕೆ ಸುಮಾರು 80ರಷ್ಟು ಸಕ್ಕರೆಯೇ. ಗ್ಲೂಕೋಸಿಗಿಂತ ಫ್ರಕ್ಟೋಸ್ ತುಸು ಹೆಚ್ಚು. ಜೇನು ತೂಕದ ವಸ್ತು. ಹಾಗಾಗಿ ಒಂದು ಚಮಚ ಜೇನಿನಲ್ಲಿರುವ ಸಕ್ಕರೆ ಒಂದು ಚಮಚ ಸಕ್ಕರೆಗಿಂತ ಕಮ್ಮಿ ಏನೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಮಿತಿ ಹೇಳುವಾಗ ಜೇನನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಪಟ್ಟಿಯಲ್ಲೇ ಸೇರಿಸಿದೆ. ದಿನದ ಒಟ್ಟು ಶಕ್ತಿಯ ನೂರಕ್ಕೆ 10ಕ್ಕಿಂತ ಕಮ್ಮಿ, ಸಾಧ್ಯವಾದರೆ 5ಕ್ಕಿಂತ ಕಮ್ಮಿ ಎಂಬುದು ಅದರ ಸಲಹೆ. ಐದು ಎಂದರೆ ಸುಮಾರು 25 ಗ್ರಾಂ. ಇದು ಕಾಯಿಲೆ ಇಲ್ಲದವರಿಗೂ ಸೇರಿ ಹೇಳಿದ ಮಾತು.

ತೆಂಗಿನ ಸಕ್ಕರೆಯದು ಹೊಸ ಹೆಸರು. ಕಲ್ಪರಸದಿಂದ ಸಕ್ಕರೆ ತೆಗೆಯುವ ಕ್ರಮವನ್ನು ಕಾಸರಗೋಡಿನ ಸಿಪಿಸಿಆರ್‌ಐ ಅಭಿವೃದ್ಧಿಪಡಿಸಿದೆ. ತೆಂಗಿನವರಿಗೆ ಒಳ್ಳೆಯ ದಾರಿಯೇ. ಆದರೆ ಅದರಲ್ಲೂ ಮುಕ್ಕಾಲು ಪಾಲು ಸುಕ್ರೋಸ್. 'ಇದರ ಗ್ಲೈಸೆಮಿಕ್ ಸೂಚ್ಯಂಕ ಬರೀ 35' ಎಂದು ಜಾಹೀರಾತಿನಲ್ಲಿ ಓದುತ್ತೇವೆ. ಅದು ಫಿಲಿಪ್ಪೀನ್ಸ್‌ನ ಅಳತೆ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಅದೇ 54. ಎರಡರಲ್ಲಿ ಯಾವುದು ಇದ್ದರೂ ಚಮಚದಲ್ಲಿರುವುದು ಸಕ್ಕರೆಯೇ.

ಒಂದು ಕಾಲದಲ್ಲಿ ಬರೀ ಫ್ರಕ್ಟೋಸ್ ಪುಡಿಯನ್ನೂ ಮಧುಮೇಹಿಗಳಿಗೆಂದು ಮಾರುತ್ತಿದ್ದರು. ತಿಂದ ಕೂಡಲೇ ರಕ್ತದ ಗ್ಲೂಕೋಸನ್ನು ಅದು ಅಷ್ಟು ಏರಿಸುವುದಿಲ್ಲ, ಖರೆ. ಆದರೆ ಭಾರ ಲಿವರಿನ ಮೇಲೆ ಬೀಳುತ್ತದೆ. ಹೆಚ್ಚಾದದ್ದು ಕೊಬ್ಬಾಗುತ್ತದೆ. ಹಾಗಾಗಿ ಅದೂ ಬದಲಿ ಅಲ್ಲ.

ನನ್ನ ಬೆರಳು ಹೇಳಿದ್ದು

ಓದಿದ್ದು ಸಾಲದೆಂದು ಒಂದು ಗ್ಲುಕೋಮೀಟರ್ ತಂದೆ. ಗೊಬ್ಬರ ಹಾಕಿದ ಸಾಲು, ಹಾಕದ ಸಾಲು ಎಂದು ಗದ್ದೆಯಲ್ಲಿ ನೋಡುತ್ತೇವಲ್ಲ, ಹಾಗೆಯೇ. ಬೆಳಗಿನ ತಿಂಡಿ ಒಂದೇ: ತೆಳ್ಳೇವು. ತಿನ್ನಲು ಸುರು ಮಾಡಿ ಎರಡು ಗಂಟೆಗೆ ಸರಿಯಾಗಿ ಬೆರಳು ಚುಚ್ಚುವುದು. ಒಂದೊಂದು ಬಗೆಗೆ ಮೂರು ದಿನ, ಅದರ ಸರಾಸರಿ.

ನಾಲ್ಕು ತೆಳ್ಳೇವು, ಎರಡು ಚಮಚ ಸಕ್ಕರೆ: 246.
ನಾಲ್ಕು ತೆಳ್ಳೇವು, ಎರಡು ಚಮಚ ಜೋನಿಬೆಲ್ಲ: 242.
ನಾಲ್ಕು ತೆಳ್ಳೇವು, ಎರಡು ಚಮಚ ಜೇನು: 238.
ನಾಲ್ಕು ತೆಳ್ಳೇವು, ಬರೀ ಚಟ್ನಿ: 205.
ಎರಡು ತೆಳ್ಳೇವು, ಒಂದು ಬಟ್ಟಲು ಹೆಸರುಕಾಳಿನ ಪಲ್ಯ: 161.
ಅದೇ ಎರಡು ತೆಳ್ಳೇವು-ಪಲ್ಯ, ಜತೆಗೆ ಸಿಹಿಮಾತ್ರೆ ಹಾಕಿದ ಕಷಾಯ: 163.

ಮನೆಯ ಮೀಟರು ನೂರಕ್ಕೆ 15ರಷ್ಟು ಆಚೀಚೆ ತೋರಿಸುವುದುಂಟು. ಹಾಗಾಗಿ 246, 242, 238 ಇವೆಲ್ಲ ಒಂದೇ ಎಂದು ತಿಳಿಯಬೇಕು. ನನ್ನ ಲೆಕ್ಕ ನನ್ನ ಮೈಗೆ ಮಾತ್ರ, ನಿಮ್ಮದು ಬೇರೆ ಇದ್ದೀತು. ಆದರೆ ಪಾಠ ಸ್ಪಷ್ಟ. ಸಕ್ಕರೆಯ ಜಾಗಕ್ಕೆ ಬೆಲ್ಲ ಬಂದರೆ ರಕ್ತಕ್ಕೆ ವ್ಯತ್ಯಾಸ ಗೊತ್ತಾಗಲಿಲ್ಲ. ಸಿಹಿಮಾತ್ರೆಯಿಂದ ಏರಲೂ ಇಲ್ಲ, ಇಳಿಯಲೂ ಇಲ್ಲ. ದೊಡ್ಡ ಇಳಿತ ಬಂದದ್ದು ತೆಳ್ಳೇವು ಕಮ್ಮಿಯಾಗಿ ಕಾಳು ಸೇರಿದಾಗ.

ಈ ಪಟ್ಟಿ ನೋಡಿ ನನ್ನ ಮನೆಯವಳು ಹೇಳಿದ್ದು: 'ಇಷ್ಟು ದಿನ ಬೆಲ್ಲದ ಡಬ್ಬಿ ಮೇಲಿಡ್ತಾ ಇದ್ದೆ. ಅನ್ನದ ಕೌಳಿಗೆಯನ್ನೇ ಸಣ್ಣ ಮಾಡಬೇಕಿತ್ತು!'

ಒಂದೂವರೆ ನೂರು ಗ್ರಾಂ ಅನ್ನದಲ್ಲಿ 40 ಗ್ರಾಂಗೂ ಮೇಲೆ ಪಿಷ್ಟ ಇರುತ್ತದೆ. ಎಂಟು ಚಮಚ ಸಕ್ಕರೆಯ ತೂಕ. ಚಹಾಕ್ಕೆ ಮಾತ್ರೆ ಹಾಕಿ, ಮಧ್ಯಾಹ್ನ ಮೂರು ಸಲ ಅನ್ನ ಬಡಿಸಿಕೊಂಡರೆ ಬದಲಿಯಿಂದ ಏನು ಬಂತು?

ಡಬ್ಬಿಯೊಳಗಿನ ಸಿಹಿಗಳು

ಹಾಗಾದರೆ ಸಿಹಿಮಾತ್ರೆ ಬೇಡವೇ? ಹಾಗಲ್ಲ. ಅದಕ್ಕೂ ಒಂದು ಜಾಗ ಇದೆ. ಮೊದಲು ಯಾವುದು ಏನು ಎಂದು ನೋಡೋಣ.

ಸ್ಯಾಕರಿನ್: ಎಲ್ಲಕ್ಕಿಂತ ಹಳೆಯದು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಕೈ ತೊಳೆಯದೆ ಊಟಕ್ಕೆ ಕೂತಾಗ ರೊಟ್ಟಿ ಸಿಹಿಯಾಗಿತ್ತಂತೆ! ಸಕ್ಕರೆಗಿಂತ 300-400 ಪಟ್ಟು ಸಿಹಿ. ಬಾಯಲ್ಲಿ ಕಹಿ ಉಳಿಯುತ್ತದೆ.

ಆಸ್ಪರ್ಟೇಮ್: 1965ರದ್ದು. 200 ಪಟ್ಟು ಸಿಹಿ. ಕುದಿಸಿದರೆ ಸಿಹಿ ಹೋಗುತ್ತದೆ. ಚಹಾ ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು. ಫಿನೈಲ್‌ಕೀಟೋನೂರಿಯಾ ಎಂಬ ಅಪರೂಪದ ಹುಟ್ಟುಕಾಯಿಲೆ ಇರುವವರು ಮುಟ್ಟಬಾರದು.

ಸುಕ್ರಲೋಸ್: ಇದರ ಹಿಂದೆ ನಮ್ಮ ದೇಶದವರೊಬ್ಬರಿದ್ದಾರೆ. 1976ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಶಶಿಕಾಂತ ಫಡ್ನಿಸ್ ಎಂಬವರಿಗೆ ಹೊಸ ಪುಡಿಯನ್ನು 'ಟೆಸ್ಟ್ ಮಾಡು' ಎಂದರಂತೆ. ಅವರಿಗೆ ಕೇಳಿಸಿದ್ದು 'ಟೇಸ್ಟ್ ಮಾಡು'! ನೆಕ್ಕಿಯೇಬಿಟ್ಟರು. 600 ಪಟ್ಟು ಸಿಹಿ. ಬಿಸಿಗೆ ತಡೆದುಕೊಳ್ಳುತ್ತದೆ ಎಂದು ಹೆಸರು. ಆದರೆ 120 ಡಿಗ್ರಿಗಿಂತ ಮೇಲೆ ಕಾಯಿಸಿದರೆ ಬೇಡದ ಕ್ಲೋರಿನ್ ಸಂಯುಕ್ತಗಳು ಉಂಟಾಗಬಹುದೆಂದು ಜರ್ಮನಿಯ ಆಹಾರ ಸುರಕ್ಷಾ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ. ಚಹಾ, ಪಾಯಸ ಕುದಿಯುವುದು ನೂರರ ಆಸುಪಾಸಿನಲ್ಲಿ. ಕರಿಯುವುದು, ಓವನ್ನಿನಲ್ಲಿ ಬೇಯಿಸುವುದು ಬೇಡ.

ಸ್ಟೀವಿಯಾ: ಪರಾಗ್ವೆ ದೇಶದ ಗಿಡ. ಅಲ್ಲಿನ ಗ್ವಾರಾನಿ ಜನ ಬಹುಕಾಲದಿಂದ ಬಳಸುತ್ತಿದ್ದರು. ಜಪಾನಿನಲ್ಲಿ 1970ರ ದಶಕದಿಂದ ಬಳಕೆ. ಎಲೆಯಿಂದ ಶುದ್ಧಗೊಳಿಸಿ ತೆಗೆದ ಅಂಶ 200-300 ಪಟ್ಟು ಸಿಹಿ. ಇದಕ್ಕೆ ನಮ್ಮ ದೇಶದ ಆಹಾರ ಸುರಕ್ಷಾ ಪ್ರಾಧಿಕಾರ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಅಂಗಡಿಯಲ್ಲಿ ಸಿಗುವುದು ಆ ಶುದ್ಧ ಅಂಶ. ಹಿತ್ತಲಿನ ಎಲೆ ಬೇರೆ, ಅದು ಬೇರೆ. ಅಮೆರಿಕದ ಎಫ್‌ಡಿಎ ಶುದ್ಧ ಅಂಶಕ್ಕೆ ಆಕ್ಷೇಪಿಸಿಲ್ಲ, ಎಲೆಯನ್ನೂ ಕಚ್ಚಾ ಸಾರವನ್ನೂ ಸಿಹಿಕಾರಕವಾಗಿ ಒಪ್ಪಿಲ್ಲ. ಎಲೆಯ ಮೇಲೆ ಅಷ್ಟು ಪರೀಕ್ಷೆ ಆಗಿಲ್ಲ ಎಂಬುದು ಅದರ ಕಾರಣ. ನಾನು ಕಷಾಯಕ್ಕೆ ಆಗೀಗ ಒಂದು ಎಲೆ ಹಾಕುವುದುಂಟು, ದಿನಬಳಕೆಗೆ ಇಲ್ಲ.

ಬೆಳೆಯುವ ಆಸೆ ಇದ್ದವರಿಗೆ ಒಂದು ಮಾತು. 2000ದ ನಂತರದ ವರ್ಷಗಳಲ್ಲಿ ನಮ್ಮ ಪರಿಚಿತರೊಬ್ಬರು ಅರ್ಧ ಎಕರೆಗೆ ಸ್ಟೀವಿಯಾ ಹಾಕಿದ್ದರು. ಸಸಿ ಕೊಟ್ಟವರು ಎಲೆ ಕೊಳ್ಳಲು ಬರಲಿಲ್ಲ. ಎಲೆಯಿಂದ ಅಂಶ ತೆಗೆಯಲು ಕಾರ್ಖಾನೆಯೇ ಬೇಕು. ಕೊಳ್ಳುವವರು ಖಾತ್ರಿ ಇಲ್ಲದೆ ನೆಡಬಾರದು. ಮನೆಗೆ ಎರಡು ಕುಂಡ ಸಾಕು.

ಸಕ್ಕರೆ ಮದ್ಯಸಾರಗಳು: ಹೆಸರು ಹಾಗಿದ್ದರೂ ಅಮಲಿನದ್ದಲ್ಲ. ಸಾರ್ಬಿಟಾಲ್, ಮಾಲ್ಟಿಟಾಲ್, ಝೈಲಿಟಾಲ್, ಎರಿಥ್ರಿಟಾಲ್. 'ಶುಗರ್ ಫ್ರೀ' ಚಾಕಲೇಟು, ಬಿಸ್ಕೆಟ್ಟುಗಳಲ್ಲಿ ಇರುತ್ತವೆ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಪೂರ್ತಿ ಅಲ್ಲದಿದ್ದರೂ ಏರಿಸುತ್ತದೆ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿತು ಎಂದು 2023ರಲ್ಲಿ ಒಂದು ಅಧ್ಯಯನ ಹೇಳಿತು. ಅದೇ ಕಾರಣ ಎಂದು ಸಿದ್ಧವಾಗಿಲ್ಲ, ಆದರೂ ಹೃದಯದ ತೊಂದರೆ ಇದ್ದವರು ದೂರ ಇಡುವುದು ಒಳ್ಳೆಯದು. ಝೈಲಿಟಾಲ್ ನಾಯಿಗೆ ವಿಷ. ಉಳಿದ ಬಿಸ್ಕೆಟ್ಟನ್ನು ಮನೆಯ ನಾಯಿಗೆ ಎಸೆಯುವ ಮೊದಲು ನೆನಪಿರಲಿ.

ಹೆದರಿಸುವ ಸುದ್ದಿ

'ಸಿಹಿಮಾತ್ರೆಯಿಂದ ಕ್ಯಾನ್ಸರ್ ಬರ್ತದೆ' ಎಂದು ಆಲೆಮನೆಗೆ ಬಂದವರೆಲ್ಲ ಹೇಳುತ್ತಾರೆ. ಹೇಳಿ ಒಂದು ಲೋಟ ಕಬ್ಬಿನಹಾಲು ಕುಡಿದು ಹೋಗುತ್ತಾರೆ.

ಈ ಮಾತಿಗೆ ಮೂಲ ಇದೆ. 1970ರ ದಶಕದಲ್ಲಿ ಬಹಳ ಸ್ಯಾಕರಿನ್ ತಿನ್ನಿಸಿದ ಇಲಿಗಳಿಗೆ ಮೂತ್ರಕೋಶದ ಗಡ್ಡೆ ಬಂದಿತ್ತು. 1977ರಿಂದ ಅಮೆರಿಕದಲ್ಲಿ ಡಬ್ಬಿಯ ಮೇಲೆ ಎಚ್ಚರಿಕೆ ಬರೆಯಬೇಕಾಯಿತು. ಇಲಿಯಲ್ಲಿ ಆದ ಕ್ರಮ ಮನುಷ್ಯರಲ್ಲಿ ಆಗುವುದಿಲ್ಲ ಎಂದು ತಿಳಿದ ಮೇಲೆ 2000ದಲ್ಲಿ ಅದನ್ನು ತೆಗೆದರು. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನು 'ಕ್ಯಾನ್ಸರಿಗೆ ಕಾರಣ ಆಗಬಹುದಾದ' ಗುಂಪಿಗೆ ಸೇರಿಸಿತು. ಸಾಕ್ಷ್ಯ ಸೀಮಿತ ಎಂಬುದನ್ನೂ ಹೇಳಿತು. ಅದೇ ಹೊತ್ತಿಗೆ ಆಹಾರ ಪದಾರ್ಥಗಳ ತಜ್ಞ ಸಮಿತಿ ಹಳೆಯ ಮಿತಿಯನ್ನು ಬದಲಿಸಲಿಲ್ಲ: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ 2400 ಮಿಲಿಗ್ರಾಂ. ನಿಮ್ಮ ಮಾತ್ರೆಯಲ್ಲಿ 18 ಮಿಲಿಗ್ರಾಂ ಇದ್ದರೆ ದಿನಕ್ಕೆ 133 ಮಾತ್ರೆ! ನಾಲ್ಕೈದು ಮಾತ್ರೆ ನುಂಗುವವರು ಆ ಗಡಿಯ ಹತ್ತಿರವೂ ಇಲ್ಲ.

ಹಾಗೆಂದು ಪೂರಾ ನಿಶ್ಚಿಂತೆಯೂ ಅಲ್ಲ. 2022ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಅಧ್ಯಯನ ಒಂದು ವಿಷಯ ಕಂಡಿತು. ಸ್ಯಾಕರಿನ್ ಮತ್ತು ಸುಕ್ರಲೋಸ್ ಕರುಳಿನ ಸೂಕ್ಷ್ಮಜೀವಿಗಳನ್ನು ಬದಲಿಸಿ, ಕೆಲವರಲ್ಲಿ ಗ್ಲೂಕೋಸ್ ನಿಭಾಯಿಸುವ ಶಕ್ತಿಯನ್ನು ಕುಂದಿಸಿದವು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸದು ಎಂದೂ ಅದರಲ್ಲೇ ಬರೆದಿದೆ. ಕಾಯಿಲೆ ಇಲ್ಲದ ಮಕ್ಕಳಿಗೆ 'ಸಕ್ಕರೆಗಿಂತ ಒಳ್ಳೆಯದು' ಎಂದು ಇವನ್ನು ಕೊಡಬೇಕಾಗಿಲ್ಲ. ಬಸುರಿಯರು ವೈದ್ಯರನ್ನು ಕೇಳದೆ ಬಳಸಬಾರದು.

ನಾನು ಆರಿಸಿದ ಕ್ರಮ

ಕೊನೆಕೊಯ್ಲಿನ ಕಾಲಕ್ಕೆ ನಮ್ಮಲ್ಲಿ ದಿನಕ್ಕೆ ಆರು ಲೋಟ ಚಹಾ-ಕಷಾಯ. ಲೋಟಕ್ಕೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ. ದಿನಕ್ಕೆ 60 ಗ್ರಾಂ. ತಿಂಗಳಿಗೆ 1 ಕಿಲೋ 800 ಗ್ರಾಂ ಸಕ್ಕರೆ ಬರೀ ಲೋಟದಿಂದಲೇ ಮೈಗೆ! ಸಿಹಿಮಾತ್ರೆ ಕೆಲಸಕ್ಕೆ ಬರುವುದು ಇಲ್ಲಿಯೇ. ಇದನ್ನು ಒಮ್ಮೆಗೇ ಬಿಡಲಾಗದವರಿಗೆ ಅದು ಊರುಗೋಲು. ಕಾಲು ಗಟ್ಟಿಯಾದ ಮೇಲೆ ಕೋಲನ್ನೂ ಬಿಡಬಹುದು.

ಕೊಳ್ಳುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟು.

ಒಂದು: ಇದು ಸಕ್ಕರೆಯದೇ ಇನ್ನೊಂದು ಹೆಸರೇ? ಬೆಲ್ಲ, ಕಂದು ಸಕ್ಕರೆ, ಜೇನು, ಖರ್ಜೂರದ ಪಾಕ ಎಲ್ಲವೂ ಹೌದು. ಹಾಗಿದ್ದರೆ ಅದನ್ನು ಸಕ್ಕರೆಯೆಂದೇ ಎಣಿಸಬೇಕು.

ಎರಡು: ಸಿಹಿಯ ಜತೆ ಬೇರೇನು ಸೇರಿದೆ? ಪುಡಿಯ ಪೊಟ್ಟಣಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ತುಂಬಿರುತ್ತದೆ. ಒಂದೆರಡು ಪೊಟ್ಟಣಕ್ಕೆ ಚಿಂತೆ ಇಲ್ಲ. ಚಮಚಗಟ್ಟಲೆ ಸುರಿದು ಪಾಯಸ ಮಾಡಿದರೆ ಲೆಕ್ಕ ಬೇರೆ.

ಮೂರು: ತಿಂಡಿಯಲ್ಲಿ ಉಳಿದದ್ದೇನು? 'ಶುಗರ್ ಫ್ರೀ' ಬಿಸ್ಕೆಟ್ಟಿನಲ್ಲಿ ಮೈದಾ ಇದೆ. 'ಶುಗರ್ ಫ್ರೀ' ಮೈಸೂರುಪಾಕಿನಲ್ಲಿ ಹಿಟ್ಟು, ತುಪ್ಪ ಎರಡೂ ಇವೆ. ಸಕ್ಕರೆ ಇಲ್ಲವೆಂದು ನಾಲ್ಕು ತಿಂದರೆ ಮೋಸ ಹೋದವರು ನಾವೇ.

ನಾಲ್ಕು: ಬಿಸಿಗೆ ಹಾಕುವುದೋ, ತಣ್ಣಗಿದ್ದುದಕ್ಕೋ? ಅದಕ್ಕೆ ತಕ್ಕದ್ದು ಆರಿಸಬೇಕು.

ಐದು: ಬೆರಳು ಏನು ಹೇಳುತ್ತದೆ? ಹೊಸದೇನು ತಂದರೂ ಎರಡು ಗಂಟೆಯ ನಂತರ ಒಮ್ಮೆ ನೋಡಿ ಬರೆದಿಡುವುದು.

ನಾನು ಆರಿಸಿದ್ದು ಸುಕ್ರಲೋಸ್ ಮಾತ್ರೆ, ದಿನಕ್ಕೆ ಮೂರು. ಜತೆಗೆ ಹದಿನೈದು ದಿನಕ್ಕೊಮ್ಮೆ ಸಿಹಿಯನ್ನೇ ತುಸು ತುಸು ಇಳಿಸುತ್ತ ಬಂದೆ. ನಾಲ್ಕು ತಿಂಗಳಾಗುವಷ್ಟರಲ್ಲಿ ನಾಲಿಗೆಗೆ ಕಮ್ಮಿ ಸಿಹಿಯೇ ಸಾಕೆನಿಸಿತು. ಈಗ ಬೆಳಗಿನ ಚಹಾಕ್ಕೆ ಒಂದು ಮಾತ್ರೆ. ಕಷಾಯ ಸಪ್ಪೆ. ಮೊದಲ ವಾರ ಅದು ಕುಡಿಯಲಾಗುತ್ತಿರಲಿಲ್ಲ. ಈಗ ಜೀರಿಗೆ, ಕೊತ್ತಂಬರಿಯ ಪರಿಮಳ ನಿಜವಾಗಿ ಗೊತ್ತಾಗುತ್ತದೆ.

ಜೇಬಿನಲ್ಲಿ ಮಾತ್ರ ನಿಜವಾದ ಸಕ್ಕರೆ

ಇದು ಎಲ್ಲಕ್ಕಿಂತ ಮುಖ್ಯ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ನುಂಗುವವರಿಗೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಊಟ ತಡವಾಗಿ, ತೋಟದ ಕೆಲಸ ಜೋರಾದ ದಿನ ಹೆಚ್ಚು. ಬೆವರು, ಕೈನಡುಕ, ಎದೆ ಹೊಡೆತ, ಕಣ್ಣು ಮಂಜು.

ಮದ್ದು ಹೊಡೆಸುತ್ತಿದ್ದ ದಿನ ನನಗೂ ಹೀಗಾಯಿತು. ಗುಡ್ಡೆ ತುದಿಯ ಬಣ್ಣದಲ್ಲಿದ್ದೆ. ಹತ್ತಿರ ಇದ್ದದ್ದು ಸಿಹಿಮಾತ್ರೆಯ ಡಬ್ಬಿ ಒಂದೇ. ಎರಡು ಬಾಯಿಗೆ ಹಾಕಿಕೊಂಡೆ! ನಾಲಿಗೆ ಸಿಹಿಯಾಯಿತು, ನಡುಕ ನಿಲ್ಲಲಿಲ್ಲ. ಕೆಲಸಕ್ಕೆ ಬಂದ ಹುಡುಗ ತನ್ನ ಚಹಾದ ಬಾಟ್ಲಿ ಕೊಟ್ಟ. ಸಕ್ಕರೆ ಹಾಕಿದ ಚಹಾ. ಕಾಲು ಗಂಟೆಯಲ್ಲಿ ಎದ್ದು ಕೂತೆ. ಎಲೆಯ ಪಾಠವನ್ನು ಎಲ್ಲರಿಗೆ ಹೇಳುತ್ತಿದ್ದ ನಾನೇ ಅವಸರದಲ್ಲಿ ಅದನ್ನು ಮರೆತಿದ್ದೆ.

ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಬೇಕಾದದ್ದು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಮೂರು ಚಮಚ, ನೀರಲ್ಲಿ ಕದಡಿ. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆ ಸೇರಿರುವವರಿಗೆ ಸಕ್ಕರೆ, ಬೆಲ್ಲ ಬೇಗ ಏರುವುದಿಲ್ಲ. ಅವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನೇರ ಆಸ್ಪತ್ರೆಗೆ. ನಿಮ್ಮ ಮಾತ್ರೆ ಯಾವ ಜಾತಿಯದ್ದೆಂದು ಇವತ್ತೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ. ಮನೆಯವರಿಗೂ ಹೇಳಿಡಿ.

ಚೀಟಿ ಬದಲಾಯಿತು

ಈ ವರ್ಷದ ಬಾಟ್ಲಿಗೆ ಹೊಸ ಚೀಟಿ ಬರೆದೆ. 'ರಾಸಾಯನಿಕ ಹಾಕದ ಜೋನಿಬೆಲ್ಲ. ಇದೂ ಸಕ್ಕರೆಯೇ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ.' ಮನೆಯಲ್ಲಿ ಆಯಿ ಓದಿ, 'ಹೀಂಗೆ ಬರೆದ್ರೆ ಯಾರು ತಗತ?' ಎಂದು ಕೇಳಿದಳು.

ಮಾಲು ಖಾಲಿಯಾಗಲು ಈ ಸಲ ಎರಡು ತಿಂಗಳು ಹೆಚ್ಚು ಹಿಡಿಯಿತು. ಆದರೆ ಖಾಲಿಯಾಯಿತು. ರುಚಿಗೆ ಕೊಳ್ಳುವವರು ರುಚಿಗೇ ಕೊಳ್ಳುತ್ತಾರೆ. ನಮ್ಮ ಬೆಲ್ಲಕ್ಕೆ, ಜೇನಿಗೆ ಸುಳ್ಳಿನ ಆಸರೆ ಬೇಕಾಗಿಲ್ಲ. ತೊಡೆದೇವಿನ ರುಚಿಗೆ ಬೆಲೆ ಕೊಡುವವರು ಇದ್ದೇ ಇದ್ದಾರೆ.

ಮೇಷ್ಟ್ರಿಗೆ ಒಂದು ಬಾಟ್ಲಿಯನ್ನೂ ನನ್ನ ಬೆರಳಿನ ಪಟ್ಟಿಯ ಒಂದು ಪ್ರತಿಯನ್ನೂ ಕಳಿಸಿದೆ. ಬಾಟ್ಲಿ ಮೊಮ್ಮಕ್ಕಳಿಗೆಂದು ಬರೆದಿದ್ದೆ. ಹಿಮ್ಮಡಿಯ ಗಾಯ ಒಣಗಿದೆ, ಸರಾಸರಿ 7.4ಕ್ಕೆ ಇಳಿದಿದೆ ಎಂದು ಉತ್ತರ ಬಂತು. ಕೊನೆಯಲ್ಲಿ ಒಂದು ಸಾಲು: 'ಚೀಟಿ ಓದಿದೆ. ಈ ಸಲ ಪೂರಾ ಮಾರ್ಕು.'

ನೀವೂ ಬೆಲ್ಲ, ಜೇನು, ತೆಂಗಿನ ಸಕ್ಕರೆ ಮಾರುವವರಾದರೆ ನಿಮ್ಮ ಚೀಟಿಯನ್ನು ಇಂದೇ ಒಮ್ಮೆ ಓದಿ ನೋಡಿ.